ಕೌದಿಯ ಸುತ್ತ ಕೂತವರು, ಬಾಗಿಲಲ್ಲೇ ನಿಂತವರು



ರಾಗಿ ಕಣ ಮುಗಿದು, ಹುಲ್ಲು ಬಣವೆ ಸೇರಿ, ಅವರೆಕಾಯಿಯ ಸುಗ್ಗಿ ಇಳಿಯುತ್ತಾ ಬಂದಂತೆ ನಮ್ಮ ಹೊಸೂರು, ತಳಿ, ಕೆಲಮಂಗಲ, ದೇಂಕಣಿಕೋಟೆ ಕಡೆಯ ಮನೆಗಳಲ್ಲಿ ಹಳೆಯ ಸೀರೆಗಳ ಗಂಟು ಬಿಚ್ಚುವ ಕಾಲ ಬರುತ್ತದೆ. ಬಿಸಿಲು ಹಿತವಾಗಿರುತ್ತದೆ, ಹೊಲದಲ್ಲಿ ಕೆಲಸ ಕಡಿಮೆ. ನಾಲ್ಕಾರು ಹೆಂಗಸರು ಜಗಲಿಯ ಮೇಲೋ ಹುಣಸೆ ಮರದ ಕೆಳಗೋ ಸೇರಿ ಕೌದಿ ಹೊಲಿಯುತ್ತಾರೆ. ನಮ್ಮ ತೆಲುಗು ನೆರೆಯವರು ಇದನ್ನೇ ಬೊಂತ ಎನ್ನುತ್ತಾರೆ. ಈ ಅಂಕಣದಲ್ಲಿ ಬಿತ್ತನೆ, ಗೊಬ್ಬರ, ಜ್ವರ, ಭೇದಿಗಳ ವಿಷಯ ಓದಿ ರೂಢಿಯಾದವರಿಗೆ ಕೌದಿಯ ಮಾತು ಇಲ್ಲೇಕೆ ಎನಿಸಬಹುದು. ಆದರೆ ಆ ಗುಂಪಿನಲ್ಲಿ ಕೂತು ಮನೆಗೆ ಮರಳಿದ ಮೇಲೆ ರಾತ್ರಿಯೆಲ್ಲಾ ನಿದ್ದೆ ಬಾರದೆ ಹೊರಳುವ ಹೆಣ್ಣುಮಕ್ಕಳೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರ ತಲೆನೋವಿಗೆ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುತ್ತದೆ, ಅದರ ಕಾರಣಕ್ಕೆ ಮಾತ್ರ ಸಿಗುವುದಿಲ್ಲ.

ಕೌದಿ ಹೊಲಿಯುವುದನ್ನು ನೋಡಿದವರಿಗೆ ಗೊತ್ತು. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುಕ್ಕು ತೆಗೆದು, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ದಾರ ಓಡಿಸುತ್ತಾ ಬರಬೇಕು. ನಾಲ್ಕು ಕಡೆಯೂ ಜನ ಕೂರುತ್ತಾರೆ. ಹೊಲಿಗೆ ಒಳಗೆ ಸರಿದಂತೆ ಕೂತವರೂ ಹತ್ತಿರ ಹತ್ತಿರ ಬರುತ್ತಾರೆ, ಮೊಣಕಾಲಿಗೆ ಮೊಣಕಾಲು ತಾಕುತ್ತದೆ, ಮಾತು ಬೆಳೆಯುತ್ತದೆ. ತಡವಾಗಿ ಬಂದವಳಿಗೆ ಜಾಗವೇ ಇರುವುದಿಲ್ಲ. ಅವಳು ಒಂದೋ ಬೆನ್ನ ಹಿಂದೆ ನಿಲ್ಲಬೇಕು, ಇಲ್ಲವೇ ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ಹಿಡಿಯಬೇಕು. ಯಾರೂ ಅವಳನ್ನು "ಹೋಗು" ಎಂದಿಲ್ಲ. ಆದರೂ ತಾನು ಬೇಡವಾದೆ ಎಂದು ಅವಳಿಗೆ ಅನಿಸುತ್ತದೆ.

ಬಾಗಲೂರು ಕಡೆಯಿಂದ ತಳಿಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದ ಸೊಸೆಯೊಬ್ಬಳನ್ನು ನೆನೆದುಕೊಳ್ಳಿ. ಅವಳ ಮನೆಮಾತು ಕನ್ನಡ, ಬಂದ ಬೀದಿಯಲ್ಲಿ ಹೆಚ್ಚಿನವರದು ತೆಲುಗು, ಸಂಘದ ಪುಸ್ತಕ ಬರೆಯುವುದು ತಮಿಳಿನಲ್ಲಿ. ಮೂರು ಭಾಷೆಯ ಸೀಮೆಯಲ್ಲಿ ಇದು ಹೊಸದೇನಲ್ಲ, ಸಂತೆಯಲ್ಲಿ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ. ಆದರೆ ಸಂತೆಯ ಮಾತು ಬೇರೆ, ನಗೆಯ ಮಾತು ಬೇರೆ. ಗುಂಪಿನಲ್ಲಿ ಯಾರೋ ಏನೋ ಹೇಳಿ ಎಲ್ಲರೂ ನಕ್ಕಾಗ, ಆ ಮಾತು ತಿಳಿಯದವಳು ತನ್ನನ್ನು ನೋಡಿಯೇ ನಕ್ಕರೆಂದು ತಿಳಿಯುತ್ತಾಳೆ. "ಏನಕ್ಕಾ, ಏನಂದ್ರು?" ಎಂದು ಪಕ್ಕದವಳನ್ನು ಕೇಳಿದರೆ, "ಏನಿಲ್ಲ ಬಿಡಮ್ಮಾ" ಎಂಬ ಉತ್ತರ ಬರುತ್ತದೆ. ಈ "ಏನಿಲ್ಲ ಬಿಡಮ್ಮಾ" ಎಂಬುದು ಎಷ್ಟು ದೊಡ್ಡ ಬಾಗಿಲು ಎಂಬುದು ಹೇಳಿದವಳಿಗೆ ಗೊತ್ತಿರುವುದಿಲ್ಲ.

ಮನಸ್ಸಿನ ನೋವು ಮೈಗೆ ಇಳಿಯುವ ಬಗೆ

ಇದೆಲ್ಲ ಹೆಂಗಸರ ಸಣ್ಣ ಮುನಿಸು ಎಂದು ಗಂಡಸರು ತಳ್ಳಿಹಾಕುವುದುಂಟು. ವೈದ್ಯಶಾಸ್ತ್ರ ಹಾಗೆ ಹೇಳುವುದಿಲ್ಲ. 2003ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಅವರ ಸಂಗಡಿಗರು ಒಂದು ಸರಳ ಪರೀಕ್ಷೆ ಮಾಡಿದರು. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಿನ ನಂತರ ಉಳಿದಿಬ್ಬರು ಪರೀಕ್ಷೆಗೆ ಕೂತವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿಬಿಡುತ್ತಾರೆ. ಆ ಹೊತ್ತಿನಲ್ಲಿ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಮೈಗೆ ಪೆಟ್ಟಾದಾಗ ಸಂಕಟಪಡುವ ಭಾಗವೇ ಚುರುಕಾದದ್ದು ಕಂಡುಬಂತು. ಎದುರಿಗಿದ್ದವರು ಪರಿಚಿತರಲ್ಲ, ಆಟದಲ್ಲಿ ಹಣವಿಲ್ಲ, ಮಾನವಿಲ್ಲ. ಅಷ್ಟಕ್ಕೇ ಹೀಗಾದರೆ, ದಿನವೂ ಮುಖ ನೋಡಬೇಕಾದ ಬೀದಿಯವರು ಚೆಂಡು ಕೊಡದಿದ್ದರೆ ಹೇಗಿರಬಹುದು, ಯೋಚಿಸಿ.

ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಲೋಕದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂದು ಅದು ಅಂದಾಜು ಮಾಡಿದೆ. ಇದಕ್ಕೆ ಮೊದಲೇ, 2010ರಲ್ಲಿ, ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಎಂಬ ಸಂಶೋಧಕಿ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಮೀರಿದ ಜನರ ಲೆಕ್ಕವನ್ನು ಒಟ್ಟುಹಾಕಿ ನೋಡಿದ್ದರು. ಬಂಧುಬಳಗ, ಸ್ನೇಹದ ನಂಟು ಗಟ್ಟಿಯಿದ್ದವರು ಬದುಕುಳಿಯುವ ಸಂಭವ ಶೇಕಡ 50ರಷ್ಟು ಹೆಚ್ಚೆಂದು ಆ ಲೆಕ್ಕ ತೋರಿಸಿತು. ಹಳ್ಳಿಯಲ್ಲಿ ಒಂಟಿತನವೆಲ್ಲಿ ಎಂದು ಕೇಳಬೇಡಿ. ಪಟ್ಟಣದಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಹಳ್ಳಿಯಲ್ಲಿ ನಿಮ್ಮನ್ನು ಕರೆಯಲಿಲ್ಲ ಎಂಬುದನ್ನು ಊರೆಲ್ಲ ನೋಡುತ್ತದೆ.

ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಗೆ ಹೋಗಿ "ನನ್ನನ್ನು ಯಾರೂ ಸೇರಿಸಲ್ಲ" ಎಂದು ಹೇಳುವುದಿಲ್ಲ. "ಸುಸ್ತು, ಮೈಕೈ ನೋವು, ತಲೆಭಾರ, ಊಟ ಸೇರಲ್ಲ" ಎನ್ನುತ್ತಾರೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳೂ ಇದೇ ಲಕ್ಷಣ ಕೊಡುವುದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಸರಿ. ಅದರಲ್ಲಿ ಏನೂ ಕಾಣದಿದ್ದರೆ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂಬುದನ್ನೂ ವೈದ್ಯರಿಗೆ ಹೇಳಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವವರು ಹೊಟ್ಟೆಹುಣ್ಣನ್ನೂ ಮೂತ್ರಪಿಂಡದ ತೊಂದರೆಯನ್ನೂ ತಂದುಕೊಳ್ಳುತ್ತಾರೆ. ಬೇಸರ ಹೆಚ್ಚಾದಾಗ ರಕ್ತದೊತ್ತಡದ, ಸಕ್ಕರೆಯ ಮಾತ್ರೆಗಳನ್ನು ಬಿಟ್ಟುಬಿಡುವವರೂ ಇದ್ದಾರೆ. ಮನೆಯವರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. ರೈತರ ಮನೆಯಲ್ಲಿ ಗುಲಾಬಿಗೋ ಟೊಮ್ಯಾಟೋಗೋ ಹೊಡೆಯುವ ಔಷಧಿಯ ಡಬ್ಬ ಕೈಗೆಟುಕುವಂತೆಯೇ ಇರುತ್ತದೆ. ಒಂದು ಗಳಿಗೆಯ ಸಂಕಟದಲ್ಲಿ ಕೈ ಅದರ ಕಡೆಗೆ ಹೋದ ಮನೆಗಳು ನಮ್ಮ ಸೀಮೆಯಲ್ಲಿ ಕಡಿಮೆಯಲ್ಲ. ಕೀಟನಾಶಕವನ್ನು ಅಡುಗೆಮನೆ, ಮಲಗುವ ಕೋಣೆಯಿಂದ ದೂರವಿಟ್ಟು ಬೀಗ ಹಾಕಿ, ಬೀಗದ ಕೈ ಒಬ್ಬರಲ್ಲೇ ಇರಲಿ. "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅದನ್ನು ಬೆದರಿಕೆಯೆಂದು ಗದರದೆ, ಪಕ್ಕದಲ್ಲಿ ಕೂತು ಕೇಳಿ, ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲೂ ರಾತ್ರಿಯೂ ಹಣವಿಲ್ಲದೆ ಮಾತಾಡಬಹುದು, ತಮಿಳಿನಲ್ಲಿಯೂ ಕನ್ನಡದಲ್ಲಿಯೂ. ವಿಷ ಕುಡಿದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯದೆ, ಡಬ್ಬದ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಹೆಸರು ತಿಳಿದರೆ ಚಿಕಿತ್ಸೆ ಬೇಗ ಆಗುತ್ತದೆ.

ಬಾರದವಳ ಕಾರಣ ಬೇರೆಯೇ ಇರಬಹುದು

ಗುಂಪಿಗೆ ಬರುತ್ತಿದ್ದ ಒಬ್ಬಳು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ "ಜಂಬ ಬಂದಿದೆ" ಎಂದು ಮಾತಾಡಿಕೊಳ್ಳುವುದು ಸುಲಭ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಎಲ್ಲ ಕಣ್ಣಿಗೂ ಬರುವ ಬದಲಾವಣೆ. ಸೂಜಿಯ ಕಣ್ಣು ಕಾಣದೆ ಹೊಲಿಗೆ ಸೊಟ್ಟಗಾದಾಗ ಯಾರೋ ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಆ ಅವಮಾನಕ್ಕೆ ಅವಳು ಮರುದಿನ ಬರುವುದಿಲ್ಲ. ಕಣ್ಣಿನ ಶಿಬಿರದಲ್ಲಿ ಒಂದು ಓದುವ ಕನ್ನಡಕ ಸಿಕ್ಕರೆ ಮುಗಿಯುವ ಕಥೆ ಇದು.

ಕಿವಿಯದು ಇನ್ನೂ ಕಷ್ಟ. ಕಿವಿ ಮಂದವಾದ ಅಜ್ಜಿಗೆ ಒಬ್ಬೊಬ್ಬರ ಮಾತು ಕೇಳುತ್ತದೆ, ಐದು ಜನ ಒಟ್ಟಿಗೆ ಮಾತಾಡಿದರೆ ಗೊಜಗೊಜ ಎನಿಸುತ್ತದೆ. ಎಲ್ಲರೂ ನಕ್ಕ ಮೇಲೆ ಅವರು ತಡವಾಗಿ ನಗುತ್ತಾರೆ, ಇಲ್ಲವೇ ನಗುವುದೇ ಇಲ್ಲ. ತಮ್ಮ ವಿಷಯವೇ ಮಾತಾಡುತ್ತಿದ್ದಾರೆ ಎಂಬ ಅನುಮಾನ ಕ್ರಮೇಣ ಬೇರೂರುತ್ತದೆ. ಅವರನ್ನು ಮಾತಾಡುವವರ ಎದುರಿಗೆ, ಮುಖ ಕಾಣುವಂತೆ ಕೂರಿಸಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ವೈದ್ಯರು ತೆಗೆಯುತ್ತಾರೆ. ಕೊಬ್ಬರಿ ಎಣ್ಣೆ ಕಾಯಿಸಿ ಬಿಡುವುದೂ ಹೇರ್‌ಪಿನ್ ಹಾಕುವುದೂ ಬೇಡ.

ಹೇಳಲು ನಾಚುವ ಕಾರಣವೂ ಒಂದಿದೆ. ಹಲವು ಹೆರಿಗೆಯಾದ, ಭಾರ ಹೊತ್ತು ದುಡಿದ ಹೆಂಗಸರಿಗೆ ಕೆಮ್ಮಿದಾಗ, ನಕ್ಕಾಗ ಮೂತ್ರ ಜಿನುಗುತ್ತದೆ. ಕೆಲವರಿಗೆ ಗರ್ಭಕೋಶ ಜಾರಿರುತ್ತದೆ, ಮೂರು ತಾಸು ಚಕ್ಕಳಮಕ್ಕಳ ಹಾಕಿ ಕೂರಲಾರರು. ವಾಸನೆ ಬಂದೀತೆಂಬ ಹೆದರಿಕೆಯಿಂದ ಅವರು ಗುಂಪು, ಮದುವೆ, ಬಸ್ಸು ಎಲ್ಲವನ್ನೂ ಬಿಡುತ್ತಾರೆ. ಇದು ವಯಸ್ಸಿನ ಪಾಡು ಎಂದು ಸಹಿಸಿಕೊಂಡು ಕೂರಬೇಕಾದದ್ದಲ್ಲ, ವ್ಯಾಯಾಮವೂ ಚಿಕಿತ್ಸೆಯೂ ಇದೆ. ಊರಿನ ನರ್ಸಮ್ಮನ ಹತ್ತಿರವಾದರೂ ಬಾಯಿ ಬಿಟ್ಟು ಹೇಳಿ.

"ಸಂಘ ತುಂಬಿದೆ" ಎಂದರೆ

ಈಗ ಕೌದಿ, ಹೊಲಿಗೆ, ಹಪ್ಪಳ ಎಲ್ಲವೂ ಹೆಚ್ಚಾಗಿ ಸ್ವಸಹಾಯ ಸಂಘಗಳ ಸುತ್ತಲೇ ನಡೆಯುತ್ತವೆ. ಈ ಸಂಘಗಳ ತಮಿಳುನಾಡಿನ ಇತಿಹಾಸ ನಮ್ಮ ಮನೆ ಬಾಗಿಲಲ್ಲೇ ಆರಂಭವಾಯಿತು ಎಂಬುದು ಇಂದಿನ ಹೆಣ್ಣುಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ ರಾಜ್ಯದ ಮಹಿಳಾ ಅಭಿವೃದ್ಧಿ ಯೋಜನೆ ಮೊದಲು ಕಾಲಿಟ್ಟದ್ದು ಧರ್ಮಪುರಿ ಜಿಲ್ಲೆಗೆ. ಆಗ ಹೊಸೂರು, ಕೃಷ್ಣಗಿರಿಗಳು ಅದರಲ್ಲೇ ಇದ್ದವು, ನಮ್ಮದು ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಹಳ್ಳಿಗಳಲ್ಲಿ ಸಂಘ ಕಟ್ಟುವ ಕೆಲಸದಲ್ಲಿ ಮೈರಾಡ ಸಂಸ್ಥೆ ಕೈಜೋಡಿಸಿತು. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಸಂಸ್ಥೆಯದು. 1984-85ರ ಸುಮಾರಿಗೆ ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದು ಹೋದವು. ಆಗ ಜನ, ದೊಡ್ಡ ಸಂಘ ಬೇಡ, ನಮ್ಮ ನಮ್ಮಲ್ಲಿ ನಂಬಿಕೆಯಿರುವವರು ಸಣ್ಣದಾಗಿ ಸೇರುತ್ತೇವೆ ಎಂದರು. ಒಬ್ಬರನ್ನೊಬ್ಬರು ತಾವೇ ಆರಿಸಿಕೊಂಡವರ ಗುಂಪು ಮಾತ್ರ ನಿಲ್ಲುತ್ತದೆ ಎಂಬ ಪಾಠವನ್ನು ಮೈರಾಡದ ಅಲೋಷಿಯಸ್ ಫರ್ನಾಂಡಿಸ್ ಅವರು ಬ್ಯಾಂಕುಗಳಿಗೂ ಸರ್ಕಾರಕ್ಕೂ ಹೇಳುತ್ತಾ ಬಂದರು. 1992ರಲ್ಲಿ ನಬಾರ್ಡ್ ಇಂಥ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಆರಂಭಿಸಿತು.

ಪಾಠ ನಿಜ. ಅದರ ಬೆನ್ನಿಗೇ ಇನ್ನೊಂದು ನಿಜವೂ ಇದೆ. ತಾವೇ ಆರಿಸಿಕೊಂಡ ಗುಂಪು ಎಂದರೆ ಆರಿಸದೆ ಉಳಿದವರೂ ಇರುತ್ತಾರೆ. ಸಾಲ ತೀರಿಸಲಾರಳು ಎನಿಸಿದ ವಿಧವೆ, ಕುಡುಕನ ಹೆಂಡತಿ, ಕೂಲಿಗೆ ಊರೂರು ಅಲೆಯುವವಳು, ನಿನ್ನೆ ಮೊನ್ನೆ ಬಂದ ಸೊಸೆ, ಇವರು ಪಟ್ಟಿಯ ಹೊರಗೇ ನಿಲ್ಲುತ್ತಾರೆ. ಸಂಘ ಗಟ್ಟಿಯಾಗಿರುವುದಕ್ಕೂ ಇವರು ಹೊರಗಿರುವುದಕ್ಕೂ ಕಾರಣ ಒಂದೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪಿಕೊಳ್ಳದೆ "ನಮ್ಮ ಸಂಘಕ್ಕೆ ಎಲ್ಲರೂ ಬರಬಹುದು" ಎಂದು ಭಾಷಣ ಮಾಡುವುದರಿಂದ ಏನೂ ಆಗದು.

ಆದರೆ ಎಲ್ಲ ನಿರಾಕರಣೆಯೂ ದ್ವೇಷವಲ್ಲ. ಸಂಘದಲ್ಲಿ ಸಾಮಾನ್ಯವಾಗಿ 20ಕ್ಕಿಂತ ಹೆಚ್ಚು ಸದಸ್ಯರನ್ನು ಸೇರಿಸುವುದಿಲ್ಲ. 1956ರ ಕಂಪನಿ ಕಾಯ್ದೆಯ ಪ್ರಕಾರ 20ಕ್ಕಿಂತ ಹೆಚ್ಚು ಜನ ಲಾಭಕ್ಕಾಗಿ ಸೇರಿದರೆ ನೋಂದಣಿ ಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 2013ರಲ್ಲಿ ಹೊಸದು ಬಂದರೂ 20ರ ರೂಢಿ ಉಳಿದಿದೆ. ಹಣದ ಲೆಕ್ಕವೂ ಅಡ್ಡ ಬರುತ್ತದೆ. ಎಂಟು ವರ್ಷ ತಿಂಗಳಿಗೆ 100 ರೂಪಾಯಿ ಕಟ್ಟಿದವಳ ಉಳಿತಾಯ 9,600 ರೂಪಾಯಿ, ಬಡ್ಡಿ ಬೇರೆ. ಇಂದು ಸೇರುವವಳು ಮೊದಲ ನೂರು ರೂಪಾಯಿ ಕಟ್ಟಿ ಅದೇ ನಿಧಿಯಲ್ಲಿ ಸಮಪಾಲು ಕೇಳಿದರೆ ಹಳಬರಿಗೆ ಕಸಿವಿಸಿಯಾಗುವುದು ಸಹಜ. "ಸಂಘ ತುಂಬಿದೆ" ಎಂಬ ಮಾತು ಕೇಳಿ ಅಳುತ್ತಾ ಮನೆಗೆ ಬಂದವಳು, ಸದಸ್ಯರು ಎಷ್ಟು, ನಿಧಿ ಎಷ್ಟು ಎಂದು ಒಮ್ಮೆ ಕೇಳಿ ನೋಡಬಹುದು. 20 ಇದ್ದರೆ ಅದು ನಿಯಮ. 14 ಇದ್ದರೆ ಮಾತು ಬೇರೆ.

ಕೂರುವ ಜಾಗದ ವಿಷಯವನ್ನೂ ಮುಚ್ಚಿಡಬಾರದು. ಕೌದಿಯನ್ನೋ ಸಂಘದ ಸಭೆಯನ್ನೋ ಯಾವಾಗಲೂ ಒಂದೇ ದೊಡ್ಡ ಮನೆಯ ಜಗಲಿಯಲ್ಲಿ ನಡೆಸಿದರೆ, ಆ ಜಗಲಿ ಹತ್ತಲು ತಲೆಮಾರುಗಳಿಂದ ಹಿಂಜರಿದ ಕಾಲೋನಿಯ ಹೆಂಗಸರು ಕರೆದರೂ ಅಂಗಳದಲ್ಲೇ ನಿಲ್ಲುತ್ತಾರೆ. ಟೀ ಲೋಟ ಬೇರೆಯಾದರೆ ನಿಂತಲ್ಲಿಂದಲೇ ತಿರುಗಿ ಹೋಗುತ್ತಾರೆ. ಇದು ನಮ್ಮ ಕಥೋಲಿಕ ಮನೆಗಳಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವಂತಿಲ್ಲ. ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದಾಗ ಧರ್ಮಸಭೆಯೊಳಗಿನ ಜಾತಿಭೇದವನ್ನು ಒಪ್ಪಿಕೊಂಡಿದೆ. ಶಾಲೆಯ ವರಾಂಡ, ಹಾಲಿನ ಸೊಸೈಟಿಯ ಕಟ್ಟೆ, ಮರದ ನೆರಳು, ಇಂಥ ಯಾರದೂ ಅಲ್ಲದ ಜಾಗದಲ್ಲಿ ಸೇರಿದರೆ ಅರ್ಧ ತೊಂದರೆ ತಾನಾಗಿ ಇಳಿಯುತ್ತದೆ.

ಉತ್ತರ ಕನ್ನಡದ ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರೂ ಅವರಲ್ಲಿದ್ದರು. ಬಣ್ಣ ಕೂದಲುಗಳ ಕಾರಣಕ್ಕೆ ಸುತ್ತಲಿನವರಿಂದ ಅವರು ಉಂಡ ಅವಮಾನ ಸಣ್ಣದಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರ ಹೆಸರು ಸೇರಿದ್ದು 2003ರಲ್ಲಿ. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಒಂದು ಮೂಲೆಯಿಂದ ಹೊರಟು ಅಂಚಿನ ಸುತ್ತ ಸುತ್ತುತ್ತಾ ನಡುವಿಗೆ ಬರುತ್ತಾರೆ, ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು ಕೂರಿಸುತ್ತಾರೆ. ಹೂವಿಲ್ಲದ ಕವಂದಿಯನ್ನು ಬೆತ್ತಲೆ ಎನ್ನುವುದು ಅವರ ವಾಡಿಕೆ. ಸಿದ್ದಿಗಳಲ್ಲಿ ಕಥೋಲಿಕರೂ ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಕವಂದಿಯ ಮೇಲೆ ಒಬ್ಬಳು ಶಿಲುಬೆ ಕೂರಿಸಿದರೆ ಇನ್ನೊಬ್ಬಳು ಅರ್ಧಚಂದ್ರ ಕೂರಿಸುತ್ತಾಳೆ. 2004ರಲ್ಲಿ ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರ ಸಹಾಯದಿಂದ ಈ ಹೆಂಗಸರು ಕವಂದಿಯ ಸಹಕಾರ ಸಂಘ ಕಟ್ಟಿಕೊಂಡಾಗ ಮೂರೂ ಧರ್ಮದವರು ಅದರಲ್ಲಿ ಸೇರಿದರು. ಅವರ ಕೌದಿಗಳು ಅಮೆರಿಕದ ಸಂಗ್ರಹಾಲಯಗಳವರೆಗೆ ಹೋಗಿವೆ. ಹೊರಗಿನ ಜಗಲಿಗಾಗಿ ಕಾಯದೆ ತಮ್ಮದೇ ಚಾಪೆ ಹಾಸಿಕೊಂಡವರು ಅವರು.

ನಮ್ಮಲ್ಲೂ ಅದಕ್ಕೆ ದಾರಿಯಿದೆ. 2011ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ ಸಂಘಕ್ಕೆ 10ರಿಂದ 20 ಜನ ಬೇಕು. ಅಂಗವಿಕಲರಿಗೆ, ದೂರದ ಬುಡಕಟ್ಟು ಊರುಗಳಿಗೆ, ಕಷ್ಟದ ಪ್ರದೇಶಗಳಿಗೆ ಐವರೇ ಸಾಕು. ಹೊರಗುಳಿದ ಹತ್ತು ಜನ ಒಂದೇ ಬೀದಿಯಲ್ಲಿ ಸಿಗುವುದು ಕಷ್ಟವಾದರೂ ಎರಡು ಮೂರು ಬೀದಿ ಸೇರಿದರೆ ಸಿಗುತ್ತಾರೆ.

ಅಷ್ಟು ದೂರ ಹೋಗುವ ಮೊದಲು ಇರುವ ಗುಂಪನ್ನೇ ಇನ್ನೊಮ್ಮೆ ನೋಡುವುದು ಒಳ್ಳೆಯದು. ಇಡೀ ಗುಂಪಿನ ಮುಂದೆ ದೂರು ಹೇಳಿದರೆ ಎಲ್ಲರೂ ಒಂದಾಗಿ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಅದರ ಬದಲು ಮೆದು ಮನಸ್ಸಿನ ಒಬ್ಬರನ್ನು, ಹಾಲು ಹಾಕಲು ಹೋಗುವಾಗಲೋ ಮೇವು ತರುವಾಗಲೋ ದಾರಿಯಲ್ಲಿ ಸಿಕ್ಕಾಗ, "ಅಕ್ಕಾ, ನಾಳೆ ನಿಮ್ಮ ಪಕ್ಕ ಕೂತ್ಕೊಳ್ಳಲಾ?" ಎಂದು ಕೇಳಿ. ಇಲ್ಲ ಎನ್ನುವವರು ಕಡಿಮೆ. ಹೋಗುವಾಗ ಎರಡು ಹಳೆಯ ಸೀರೆ, ಒಂದು ಉಂಡೆ ದಾರ ಒಯ್ಯಿರಿ, ಕೈಯಲ್ಲಿ ಕೆಲಸವಿದ್ದವಳಿಗೆ ಜಾಗ ಬೇಗ ಸಿಗುತ್ತದೆ. ಮೂರು ನಾಲ್ಕು ಸಲ ಹೋದ ಮೇಲೂ ಮುಖ ತಿರುಗಿಸಿದರೆ ಅವರಿಗೆ ನೀವು ಬೇಡವೆಂದೇ ತಿಳಿಯಬೇಕು. ಅಂಥ ಕಡೆ ಕಾಲು ಹಿಡಿದುಕೊಂಡು ಕೂರುವ ಅಗತ್ಯವಿಲ್ಲ.

ಗುಂಪಿನ ಹಿರಿಯರಿಗೂ ಕೆಲವು ಮಾತು. "ಯಾರು ಬೇಕಾದರೂ ಬನ್ನಿ" ಎಂದು ಊರಿಗೆಲ್ಲ ಹೇಳುವುದು ಕರೆಯಲ್ಲ. ಮನೆಗೆ ಹೋಗಿ ಹೆಸರು ಹಿಡಿದು ಕರೆಯಬೇಕು. ಮೊದಲ ದಿನ ಹೊಸಬಳನ್ನು ಬಾಗಿಲ ಹತ್ತಿರ ಬಿಡದೆ ಇಬ್ಬರು ಹಳಬರ ನಡುವೆ ಕೂರಿಸಿ. ನಡಾವಳಿಯನ್ನು ತಮಿಳಿನಲ್ಲಿ ಬರೆದರೂ ಕನ್ನಡದಲ್ಲೋ ತೆಲುಗಿನಲ್ಲೋ ಒಮ್ಮೆ ಓದಿ ಹೇಳಿ, ಸಹಿ ಹಾಕಿದ್ದು ಏನೆಂದು ಎಲ್ಲರಿಗೂ ತಿಳಿಯಲಿ. ಹಾಲು ಕರೆಯುವ ಹೊತ್ತಿಗೆ ಸಭೆ ಇಟ್ಟರೆ ದನವಿರುವ ಮನೆಯವಳು ಬರಲಾರಳು. ನಾಲ್ಕು ಗಂಟೆಯೊಳಗೆ ಮುಗಿಸಿ. ಯಾರ ಹೊಲಿಗೆಯನ್ನಾದರೂ ಬಿಚ್ಚಲೇಬೇಕಾದರೆ ಅವರ ಕೈಯಿಂದಲೇ ಬಿಚ್ಚಿಸಿ.

ಈ ವರ್ಷ ಹೊಸದಾಗಿ ಕೌದಿ ಹಿಡಿಯುವವರಿಗೆ: ಹತ್ತಿ ಸೀರೆಯನ್ನೇ ಆರಿಸಿ, ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಸೂಜಿಯೂ ಜಾರುತ್ತದೆ. ಹೊಲಿಯುವ ಮೊದಲು ಸೀರೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದು ಎರಡು ದಿನ ಬಿಸಿಲಿಗೆ ಹಾಕಿ. ಕೌದಿಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳು ಉಬ್ಬಸದ ಮಕ್ಕಳಿಗೆ ತೊಂದರೆ ಕೊಡುತ್ತವೆ, 60 ಡಿಗ್ರಿ ಬಿಸಿಯಲ್ಲಿ ಅವು ಸಾಯುತ್ತವೆ. ಅರ್ಧ ತಾಸಿಗೊಮ್ಮೆ ಎದ್ದು ಕತ್ತು, ಸೊಂಟ ಸಡಿಲಿಸಿ. ಮುಗಿದ ಕೌದಿಯನ್ನು ಪೂರ್ತಿ ಒಣಗಿದ ಮೇಲೆಯೇ ಮಡಿಸಿ, ನಡುವೆ ಒಣಗಿದ ಬೇವಿನ ಎಲೆ ಇಡಿ. ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬಿಸಿಲಿಗೆ ಹರವಿ. ಒದ್ದೆ ಕೌದಿ ಒಬ್ಬಳು ಎತ್ತುವ ತೂಕವಲ್ಲ, ಹಿಂಡಲು ಪಕ್ಕದ ಮನೆಯವಳನ್ನು ಕರೆಯಿರಿ.